ಸರ್ವಮಂಗಳ ಸಿಸ್ಟರ್ ಬೇಯಿಸಿದ ದಾರ

ಎಲ್ಲದಕ್ಕೂ ಮೂಲ ಒಂದೆಳೆ ಕೆಂಪು ದಾರ. ಬಿಡದಿ ಕಡೆಯ ಕಾರ್ಖಾನೆಯೊಂದರ ಕೆಲಸಗಾರ ಬೆರಳು ಜಜ್ಜಿಸಿಕೊಂಡು ಬಂದು, ರಾಮನಗರದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿಸಿಕೊಂಡು ಹೋಗಿದ್ದ. ಕಾರ್ಖಾನೆಯಲ್ಲಿ ಪಟ್ಟಿ ಬಿಚ್ಚಿದಾಗ ಒಳಗಿಂದ ಆ ದಾರ ಹೊರಬಂತು. ಯಾರೋ ನರ್ಸಿನ ಕೈಯಿಂದ ಉದುರಿದ್ದು. ಕಾರ್ಖಾನೆಯ ಡಾಕ್ಟರಮ್ಮ ಸೌಮ್ಯಶ್ರೀ ನರ್ಸಿಂಗ್ ಹೋಮಿಗೆ ಫೋನು ಮಾಡಿ, "ಇದು ಔಷಧಿಯೋ, ಹರಕೆಯೋ?" ಎಂದು ಕೇಳಿದರು. ನಾಳೆ ಮಧ್ಯಾಹ್ನ ತಾವೇ ಬಂದು ನೋಡುವುದಾಗಿಯೂ ಹೇಳಿದರು.

ನರ್ಸಿಂಗ್ ಹೋಮಿನ ಯಜಮಾನರಾದ ಡಾಕ್ಟರ್ ದೇವರಾಜು ಅವರ ಮುಖ ಉಪ್ಪು ಹಾಕಿಟ್ಟ ಹಾಗಲಕಾಯಿಯಂತಾಯಿತು. ಕಾರ್ಖಾನೆಯ ಕೆಲಸಗಾರರನ್ನೆಲ್ಲ ತಮ್ಮಲ್ಲಿಗೇ ಕಳಿಸುವ ಒಪ್ಪಂದ ಇನ್ನೇನು ಕೈಗೆ ಬರುವುದರಲ್ಲಿತ್ತು. ಮರುದಿನ ಬೆಳಿಗ್ಗೆ ಅವರು ವಾರ್ಡಿನ ಇನ್‌ಚಾರ್ಜ್ ಸರ್ವಮಂಗಳಳನ್ನು ಕರೆದರು.

"ನೋಡಿ ಸಿಸ್ಟರ್, ಆಪರೇಷನ್ ಥಿಯೇಟರಿಗೆ ಹೋಗೋರ ಮೈಮೇಲೆ ಇವತ್ತು ದಾರ, ತಾಯತ, ಸರ ಏನೂ ಇರಬಾರದು. ನಾನು ಹೇಳಿದ್ರೆ ಒಬ್ಬರಿಗೆ ಪಕ್ಷಪಾತ ಅನ್ಸುತ್ತೆ, ಇನ್ನೊಬ್ಬರಿಗೆ ಅಧರ್ಮ ಅನ್ಸುತ್ತೆ. ನೀವೇ ಹೇಳಿ. ಒಪ್ಪಂದ ಆದ್ರೆ ನೀವು ಮೇಟ್ರನ್. ನಿಮಗೇ ಅಂತ ಒಂದು ಕೋಣೆ."

ಮೇಟ್ರನ್ ಕೆಲಸವನ್ನೆಲ್ಲ ಸರ್ವಮಂಗಳ ಆಗಲೇ ಮಾಡುತ್ತಿದ್ದಳು. ಹೆಸರೊಂದು ಇರಲಿಲ್ಲ, ಕೂರಲು ಕೋಣೆಯೂ ಇರಲಿಲ್ಲ. ಮಾಗಡಿಯ ಗವಿಸಿದ್ದಯ್ಯನವರ ಈ ಮಗಳು ಹಟ ಹಿಡಿದರೆ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರ ಹಾಗೆ, ಏಳುವ ಮಾತೇ ಇಲ್ಲ. ಯಾರಿಗೂ ನೋವಾಗಬಾರದು, ಯಾರಿಗೂ ರಿಯಾಯಿತಿಯೂ ಇರಬಾರದು ಎಂದು ನಿಶ್ಚಯ ಮಾಡಿಕೊಂಡು ಅವಳು ಥಿಯೇಟರಿಗೆ ಹೋಗುವ ಮೂವರನ್ನು ನರ್ಸುಗಳ ಕೋಣೆಗೆ ಕರೆದಳು.

ಆಯಾ ಕೆಂಚಮ್ಮ ಮೊದಲೇ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಈ ತಾಯತ ನನ್ ಗಂಡ ಕುಡಿಯೋದ್ ಬುಡ್ಲಿ ಅಂತ ಕಟ್ಕಂಡಿರೋದು ಕಣ್ರಮ್ಮ. ಬಿಚ್ಚಿದ್ ದಿನವೇ ಅವ್ನು ಅಂಗಡಿಗೆ ಹೋಯ್ತಾನೆ."

"ಈಗ ಹೋಗ್ತಿಲ್ವಾ?"

"ಹೋಯ್ತಾನೆ. ಒಸಿ ತಡವಾಗಿ ಹೋಯ್ತಾನೆ."

ನರ್ಸ್ ಅಮೀರುನ್ನೀಸಾ ತನ್ನ ತೋಳು ಮುಟ್ಟಿ ನೋಡಿಕೊಂಡಳು. "ನನ್ನ ತಾಯತ ಬಟ್ಟೆ ತೋಳಿನ ಒಳಗಿದೆ, ಯಾರಿಗೆ ಕಾಣುತ್ತೆ ಸಿಸ್ಟರ್? ಕೆಟ್ಟ ಕನಸು ಬೀಳದಿರ್ಲಿ ಅಂತ ಅಮ್ಮಿ ಕಟ್ಟಿದ್ದು. ಕೆಂಚಮ್ಮ ಬಿಚ್ಚಿದ್ರೆ ನಾನೂ ಬಿಚ್ತೀನಿ."

"ಮೊದ್ಲು ಅವ್ರು ಬಿಚ್ಲಿ," ಎಂದಳು ಕೆಂಚಮ್ಮ.

ಹಾರೋಬೆಲೆಯ ಅಂತೋಣಮ್ಮ, ಇನ್ನೊಬ್ಬ ನರ್ಸು, ಕೊರಳಿನ ಮರದ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದು ಹೇಳಿದಳು, "ಅವರಿಬ್ರದ್ದೂ ಆಗ್ಲಿ, ಆಮೇಲೆ ನೋಡೋಣ."

"ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಒಂದು ಎರಡು ಮೂರು ಅಂತೀನಿ, ಎಲ್ಲರೂ ಒಟ್ಟಿಗೆ ಬಿಚ್ಚಿ," ಎಂದಳು ಸರ್ವಮಂಗಳ. ಎಣಿಸಿದಳು. ಯಾರೂ ಬಿಚ್ಚಲಿಲ್ಲ. ಮೂವರೂ ಒಬ್ಬರ ಕೈ ಒಬ್ಬರು ನೋಡುತ್ತ ನಿಂತರು.

ಆಗ ಅಂತೋಣಮ್ಮ ಮೆಲ್ಲಗೆ ಕೇಳಿದಳು, "ನಿಮ್ಮ ಕೊರಳಲ್ಲಿ ಏನಿದೆ ಸಿಸ್ಟರ್?"

ಸರ್ವಮಂಗಳಳ ಕೊರಳಲ್ಲಿ, ಸೆರಗಿನ ಮರೆಯಲ್ಲಿ, ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗವಿತ್ತು. ಜೀವ ಇರುವತನಕ ಇದು ಮೈ ಬಿಡಬಾರದು ಎಂದು ಅಪ್ಪ ಕಟ್ಟಿಸಿದ್ದು.

"ಇದು ದಾರ ಅಲ್ಲ, ಲಿಂಗ."

"ಲಿಂಗ ನಿಂತಿರೋದು ದಾರದ ಮೇಲೇ ಅಲ್ವಾ?" ಎಂದಳು ಅಮೀರುನ್ನೀಸಾ. ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು.

ಸರ್ವಮಂಗಳ ಪರದೆಯ ಹಿಂದೆ ಹೋಗಿ ನಿಂತಳು. ಅಪ್ಪನ ಮಾತು ಒಂದು ಕಡೆ, ಮೇಟ್ರನ್ ಕೋಣೆ ಇನ್ನೊಂದು ಕಡೆ. ತನಗೊಂದು ನ್ಯಾಯ, ಅವರಿಗೊಂದು ನ್ಯಾಯ ಅಂದರೆ ನಾಳೆಯಿಂದ ಆ ಮೂವರ ಮುಖ ನೋಡುವುದು ಹೇಗೆ ಎಂಬುದೇ ಅವಳನ್ನು ಹೆಚ್ಚು ಕಾಡಿತು. ಕೊನೆಗೆ ಹಟವೇ ದಾರಿ ತೋರಿಸಿತು. ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದು, ಅದನ್ನು ಕಟ್ಟಿದ್ದ ಶಿವದಾರವನ್ನು ಮಾತ್ರ ಬಿಚ್ಚಿ, ಹೊಸ ಬ್ಯಾಂಡೇಜು ಬಟ್ಟೆಯನ್ನು ಎದೆಗೂ ಬೆನ್ನಿಗೂ ಸುತ್ತಿ ಬಿಗಿದಳು. ಹೊರಗೆ ಬಂದಾಗ ಪಕ್ಕೆಲುಬು ಮುರಿದವಳಂತೆ ನೆಟ್ಟಗೆ ನಡೆಯುತ್ತಿದ್ದಳು.

"ಲಿಂಗ ಮೈಮೇಲೇ ಇದೆ. ದಾರ ಇಲ್ಲಿದೆ," ಎಂದು ತನ್ನ ಶಿವದಾರವನ್ನು ಕಿಡ್ನಿ ಟ್ರೇಯೊಳಗೆ ಇಟ್ಟಳು.

ಕೆಂಚಮ್ಮನ ಕೆಂಪು ದಾರ, ಅಮೀರುನ್ನೀಸಾಳ ಕರಿದಾರ, ಅಂತೋಣಮ್ಮನ ಬಿಳಿದಾರದ ಶಿಲುಬೆ ಒಂದರ ಹಿಂದೊಂದು ಟ್ರೇಗೆ ಬಿದ್ದವು. "ಡಾಕ್ಟರಮ್ಮ ಹೋದ ಕೂಡಲೇ ಅವರವರದು ಅವರವರಿಗೆ. ಇದು ನನ್ನ ಮಾತು," ಎಂದು ಸರ್ವಮಂಗಳ ಟ್ರೇಯನ್ನು ಆಸ್ಪತ್ರೆಯಲ್ಲೇ ಶುದ್ಧವಾದ ಜಾಗ ಎಂದು ಥಿಯೇಟರಿನ ಮೇಜಿನ ಮೇಲೆ ಇಟ್ಟು ಹೋದಳು.

ಥಿಯೇಟರಿನ ಅಟೆಂಡರ್ ಮುನಿಶಾಮಯ್ಯ ನಿಷ್ಠಾವಂತ ಮನುಷ್ಯ. ಆ ಮೇಜಿನ ಮೇಲೆ ಟ್ರೇ ಕಂಡರೆ ಕುದಿಸಬೇಕು ಎಂಬ ಒಂದೇ ನಿಯಮದ ಮೇಲೆ ಅವನ ನೌಕರಿ ನಡೆದಿತ್ತು. ಟ್ರೇಯನ್ನು ಬಾಯ್ಲರಿಗೆ ಬಗ್ಗಿಸಿ, ಸ್ವಿಚ್ ಹಾಕಿ ಟೀ ಕುಡಿಯಲು ಹೋದ.

ಸ್ವಲ್ಪ ಹೊತ್ತಿಗೆ ಸರ್ವಮಂಗಳ ಬಂದು ನೋಡಿದರೆ ಮೇಜಿನ ಮೇಲೆ ಟ್ರೇ ಇಲ್ಲ. ಬಾಯ್ಲರಿನ ಮುಚ್ಚಳ ತಾಳ ಹಾಕುತ್ತಿತ್ತು. ಎತ್ತಿ ನೋಡಿದಳು. ನೀರು ಹುರುಳಿ ಸಾರಿನ ಬಣ್ಣಕ್ಕೆ ತಿರುಗಿತ್ತು. ದಾರಗಳೆಲ್ಲ ಬಣ್ಣ ಬಿಟ್ಟು, ಬಣ್ಣ ಹೀರಿ, ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಎರಡು ತಾಯತಗಳು ದಾರ ಕಳಚಿಕೊಂಡು ತಳದಲ್ಲಿ ಕುಣಿಯುತ್ತಿದ್ದವು, ಮರದ ಶಿಲುಬೆಯೂ ದಾರ ಬಿಟ್ಟು ಮೇಲೆ ತೇಲುತ್ತಿತ್ತು.

ಸುದ್ದಿ ಕೇಳಿ ಮೂವರೂ ಓಡಿಬಂದರು.

"ಟ್ರೇನಾಗಿದ್ದದ್ದು ಬೇಯ್ಸಿವ್ನಿ," ಎಂದ ಟೀ ಮುಗಿಸಿ ಬಂದ ಮುನಿಶಾಮಯ್ಯ. "ಬೇಯಿಸ್ದಿದ್ರೆ ನೀವೇ ಬಯ್ತಿದ್ರಿ."

ಅದು ನಿಜವೇ ಆದ್ದರಿಂದ ಸರ್ವಮಂಗಳ ಬಯ್ಯಲಿಲ್ಲ. ಚಿಮಟದಿಂದ ಒಂದೊಂದಾಗಿ ಎತ್ತಿ ಬಟ್ಟೆಯ ಮೇಲೆ ಹಾಕಿದಳು. "ಕೆಂಚಮ್ಮ, ನಿಮ್ಮ ತಾಯತ ಯಾವ ದೇವಸ್ಥಾನದ್ದು? ಗುರುತು ಏನಾದ್ರೂ ಇದ್ಯಾ?"

"ದೇವಸ್ಥಾನದ್ದಲ್ಲ ಕಣಮ್ಮ, ದರ್ಗಾದ್ದು. ಅಲ್ಲಿರೋ ಬಾಬಯ್ಯ ಕೊಟ್ಟಿದ್ದು."

ಅಮೀರುನ್ನೀಸಾ ತಿರುಗಿ ನೋಡಿದಳು. "ನಂದೂ ಅವರೇ ಕೊಟ್ಟಿದ್ದು."

"ಹಂಗಾರೆ ಇನ್ನೂ ಕಷ್ಟ ಆಯ್ತಲ್ಲ," ಎಂದು ಕೆಂಚಮ್ಮ ತಲೆ ಮೇಲೆ ಕೈ ಹೊತ್ತಳು. "ಅದ್ಲು ಬದ್ಲಾದ್ರೆ ನನ್ ಗಂಡ ಕುಡಿಯೋದ್ ಬುಡಾಕಿಲ್ಲ, ಕನಸ್ ಕಾಣೋದ್ ಬುಡ್ತಾನೆ."

"ನನಗೆ ಕುಡಿಯೋ ಅಭ್ಯಾಸವೇ ಇಲ್ಲ, ನಿಮ್ಮದು ಕಟ್ಕೊಂಡು ಏನು ಬಿಡ್ಲಿ?" ಎಂದಳು ಅಮೀರುನ್ನೀಸಾ.

ಅಷ್ಟರಲ್ಲಿ ಅಂತೋಣಮ್ಮ, "ಇದು ನನ್ನ ದಾರ," ಎಂದು ಒಂದು ತುದಿ ಹಿಡಿದಳು. ಅದೇ ತನ್ನ ಶಿವದಾರ ಎಂದು ಸರ್ವಮಂಗಳ ಇನ್ನೊಂದು ತುದಿ ಹಿಡಿದಿದ್ದಳು. ಎಳೆದಾಟದಲ್ಲಿ ಎದೆಯ ಬ್ಯಾಂಡೇಜು ಸಡಿಲವಾಗಿ ಬಾಲದಂತೆ ಕೆಳಗೆ ಇಳಿಯಿತು. ಬಾಗಿಲು ತೆರೆದದ್ದು ಆಗಲೇ. ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದ ಸೌಮ್ಯಶ್ರೀ ಅಲ್ಲಿ ನಿಂತಿದ್ದರು. ಅವರ ಹಿಂದೆ ದೇವರಾಜು ಕಣ್ಣು ಮುಚ್ಚಿಕೊಂಡಿದ್ದರು.

"ಏನು ನಡೀತಿದೆ ಇಲ್ಲಿ?"

ಮೇಟ್ರನ್ ಕೋಣೆ ಕೈಬಿಟ್ಟಿತೆಂದು ಸರ್ವಮಂಗಳಳಿಗೆ ಗೊತ್ತಾಯಿತು. ಹೋಗುವುದು ಹೋಗಲಿ, ಸುಳ್ಳು ಹೇಳಿ ಹೋಗುವುದು ಬೇಡ ಎಂದು ಬ್ಯಾಂಡೇಜನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹೇಳಿದಳು, "ನೀವು ಬರ್ತೀರಂತ ಎಲ್ಲರ ದಾರ ಬಿಚ್ಚಿಸ್ದೆ ಮೇಡಂ. ಜೋಪಾನ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೆ. ಬೆಂದುಹೋದ್ವು. ತಪ್ಪು ನನ್ನದು, ಇವರದ್ದೇನೂ ಇಲ್ಲ."

"ಮೊದಲು ಬಿಚ್ಚಿದ್ದು ಅವರೇ ಮೇಡಂ," ಎಂದಳು ಅಂತೋಣಮ್ಮ, ದಾರದ ತುದಿ ಬಿಡದೆ. "ಅವ್ರು ಬಿಚ್ಚಿದ್ಕೇ ನಾವು ಬಿಚ್ಚಿದ್ದು," ಎಂದಳು ಕೆಂಚಮ್ಮ. ಅಮೀರುನ್ನೀಸಾ ಹೌದೆಂದು ತಲೆಯಾಡಿಸಿದಳು.

ಸೌಮ್ಯಶ್ರೀ ಸ್ಟೂಲು ಎಳೆದುಕೊಂಡು ಕೂತರು. "ಸಿಸ್ಟರ್, ಕಾರ್ಖಾನೇಲಿ ನಾನು ಇದಕ್ಕೇ ಬಡಿದಾಡ್ತಿದೀನಿ. ಕೊಳೆ ದಾರದಿಂದ ಗಾಯ ಕೀವಾಗುತ್ತೆ. ಬಿಚ್ಚಿ ಅಂದ್ರೆ ಒಬ್ಬೊಬ್ಬರೂ ಒಂದೊಂದು ದೇವರ ಹೆಸರು ಹೇಳಿ ಜಗಳಕ್ಕೆ ಬರ್ತಾರೆ. ನೀವು ಎಲ್ಲ ಧರ್ಮದವರ ಹತ್ರಾನೂ ಜಗಳ ಇಲ್ಲದೆ ಬಿಚ್ಚಿಸಿ, ಕುದಿಸಿ, ವಾಪಸ್ ಕೊಡ್ತಿದೀರ."

"ಜಗಳ ಇಲ್ಲದೆ" ಎಂದಾಗ ಕೆಂಚಮ್ಮನಿಗೆ ಕೆಮ್ಮು ಬಂತು.

ತಂದ ಕಾಫಿ ಆರುವ ಮುಂಚೆಯೇ ಒಪ್ಪಂದಕ್ಕೆ ಸಹಿ ಬಿತ್ತು. ಸರ್ವಮಂಗಳ ಮೇಟ್ರನ್ ಆದಳು. ಶಿವದಾರ ಯಾವುದೆಂದು ತೀರ್ಮಾನವಾಗದೆ, ಅವಳೂ ಅಂತೋಣಮ್ಮನೂ ಹೊಸ ದಾರ ತರಿಸಿಕೊಂಡರು. ತಾಯತದ ವಿಷಯ ಬಾಬಯ್ಯನನ್ನೇ ಕೇಳೋಣವೆಂದು ಕೆಂಚಮ್ಮನೂ ಅಮೀರುನ್ನೀಸಾಳೂ ಒಟ್ಟಿಗೆ ಹೊರಟರು.

ಸಂಜೆ ಸರ್ವಮಂಗಳ ತನ್ನ ಕೋಣೆಯಲ್ಲಿ, ತನ್ನದೇ ಕುರ್ಚಿಯಲ್ಲಿ ಆಗತಾನೆ ಕೂತಿದ್ದಳು. ಕಾರ್ಖಾನೆಯ ವ್ಯಾನು ಬಂದು ನಿಂತಿತು. ಡ್ರೈವರು ಗೋಣಿಚೀಲವೊಂದನ್ನು ಬೆನ್ನ ಮೇಲೆ ಹೊತ್ತು ತಂದು ಅವಳ ಕಾಲ ಬುಡದಲ್ಲಿ ಇಳಿಸಿದ.

"ಇದೇನಪ್ಪ?"

"ದಾರ, ತಾಯತ, ಸರ. ಶಿಫ್ಟಿನೋರ್ದೆಲ್ಲಾ ಐತೆ. ಎಲ್ಲಾ ಧರ್ಮದೋರೂ ಸೇರ್ಕಂಡು ಮಡಿ ಮಾಡ್ಕೊಡ್ತಾರೆ ಅಂತ ಮೇಡಂ ಹೇಳವ್ರೆ, ಎಲ್ರೂ ಸಾಲಾಗಿ ನಿಂತ್ಕಂಡು ಬಿಚ್ಕೊಟ್ಟವ್ರೆ. ವಾರವಾರ ಬತ್ತದೆ. ಬೆಳಿಗ್ಗೆ ಶಿಫ್ಟಿಗೆ ಅವರವರದು ಅವರವರ್ಗೆ ಸಿಗ್ಬೇಕಂತೆ, ಮೇಟ್ರನ್ ಜವಾಬ್ದಾರಿಯಂತೆ."

ಹಿಂದೆಯೇ ದೇವರಾಜು ಇಣುಕಿದರು. "ಥಿಯೇಟರಲ್ಲಿ ಜಾಗ ಸಾಲಲ್ಲ ಸಿಸ್ಟರ್. ದೊಡ್ಡ ಬಾಯ್ಲರ್ ಒಂದು ಈಗ್ಲೇ ಇಲ್ಲಿ ಇಡಿಸ್ತೀನಿ. ಕುರ್ಚಿ ಒಂಚೂರು ಹೊರಗೆ, ವರಾಂಡಕ್ಕೆ ಹಾಕ್ಕೊಳ್ಳಿ."

ಸರ್ವಮಂಗಳ ಎದ್ದು ನಿಂತಳು. ಕುರ್ಚಿಯನ್ನು ತಾನೇ ಎತ್ತಿ ವರಾಂಡದಲ್ಲಿಟ್ಟು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚೀಲದ ಬಾಯಿ ಬಿಚ್ಚುತ್ತಿದ್ದಾಗ, ಬಾಯ್ಲರಿಗೆ ನೀರು ತಂದ ಮುನಿಶಾಮಯ್ಯ ಬಗ್ಗಿ ಒಳಗೆ ನೋಡಿದ.

"ಎಲ್ಲಾನೂ ಒಂದೇ ನೀರ್ಗೆ ಹಾಕ್ಲಾ ಅಮ್ಮ," ಎಂದು ಕೇಳಿದ, "ಇಲ್ಲಾ ಜಾತಿವಾರು ಹಾಕ್ಲಾ?"