ಬೊಟ್ಟಿಟ್ಟ ಲ್ಯಾಪ್‌ಟಾಪಿನ ಮಹಿಮೆ

ನಾನು ದಿನಾ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, "ಸ್ವಾಮಿ, ಇವತ್ತೊಂದು ದಿನ ನನಗೆ ಸಿಟ್ಟು ಬರದ ಹಾಗೆ ನೋಡಿಕೋ" ಎಂದು ಬೇಡಿಕೊಂಡೇ ಮನೆ ಬಿಡುವವನು. ಟಿ. ದಾಸರಹಳ್ಳಿಯಿಂದ ಪೀಣ್ಯದ ನಮ್ಮ ಆಫೀಸಿಗೆ ಹೆಚ್ಚೇನೂ ದೂರವಿಲ್ಲ. ಆದರೂ ಹತ್ತು ಗಂಟೆಯೊಳಗೆ ಏನಾದರೊಂದು ನಡೆದು ತಲೆ ಬಿಸಿಯಾಗಿಯೇ ಆಗುತ್ತದೆ. ದೇವರದ್ದು ತಪ್ಪಿಲ್ಲ. ಅವನು ಗೇಟಿನವರೆಗೆ ಕಾಪಾಡಿಯೇ ಕಾಪಾಡುತ್ತಾನೆ. ಒಳಗೆ ನಡೆಯುವುದೆಲ್ಲ ಮನುಷ್ಯರ ಕೆಲಸ.

ನಮ್ಮದು ಸಣ್ಣ ಕಂಪನಿ. ಕಾರ್ಖಾನೆಗಳ ಗೋದಾಮಿನಲ್ಲಿ ಯಾವ ಬಿಡಿಭಾಗ ಎಲ್ಲಿದೆ, ಎಷ್ಟಿದೆ ಎಂದು ತೋರಿಸುವ ಸಾಫ್ಟ್‌ವೇರ್ ಮಾಡುತ್ತೇವೆ. ಅದರ ಡೇಟಾಬೇಸ್ ನೋಡಿಕೊಳ್ಳುವವನು ನಾನು. ಹೆಂಡತಿಗೆ ಕಣ್ಣಿನ ಆಪರೇಷನ್ ಆದಾಗ, ದೃಷ್ಟಿ ಚೆನ್ನಾಗಿ ಬಂದರೆ ತುಮಕೂರು ಕಡೆಯ ನಮ್ಮ ಮನೆದೇವರು, ಬೆಟ್ಟದ ನರಸಿಂಹಸ್ವಾಮಿಗೆ ಮನೆಯಿಂದ ನಡೆದೇ ಬರುತ್ತೇನೆ ಎಂದು ಹರಕೆ ಹೊತ್ತಿದ್ದೆ. ದೃಷ್ಟಿ ಬಂತು. ಈಗ ನನ್ನ ಅಂಗಿಯ ಮೇಲಿನ ಸಾಂಬಾರಿನ ಕಲೆಯನ್ನು ಅಡುಗೆಮನೆಯಿಂದಲೇ ಗುರುತಿಸುತ್ತಾಳೆ. ರಜೆ ಮಾತ್ರ ಬರಲಿಲ್ಲ. ಎರಡು ವರ್ಷ ಬರಲಿಲ್ಲ. ಯಾಕೆ ಅಂತ ಕೇಳಿ.

೧. ವಾಪಸ್ ತಗೊಳ್ಳದ ಮಾಲು

ಆಫೀಸಿನಲ್ಲಿ ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಬಂದವು. ತೆಳ್ಳಗೆ, ಹಪ್ಪಳದ ಹಾಗೆ. ಹಳೆಯದನ್ನು ಕೊಟ್ಟು ಹೊಸದನ್ನು ತಗೊಳ್ಳಬೇಕು. ನನ್ನ ಹಳೆಯದು ಎಂಟು ಆಯುಧಪೂಜೆ ಕಂಡಿತ್ತು. ನಾನೇ ಪ್ರತಿವರ್ಷ ಗಂಧ ಹಚ್ಚಿ, ಕುಂಕುಮ ಇಟ್ಟು, ಒಂದು ಸೇವಂತಿಗೆ ಹೂ ಏರಿಸುತ್ತಿದ್ದೆ. ಕುಂಕುಮ ಮುಚ್ಚಳಕ್ಕೆ ಹಿಡಿದುಬಿಟ್ಟಿತ್ತು.

ಅಡ್ಮಿನ್‌ನವರು ಅದನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಒರೆಸಿ ಕೊಡಿ ಸಾರ್."

"ಒರೆಸಿದೆ. ಹೋಗಲ್ಲ."

"ಹಳೇದನ್ನೆಲ್ಲ ಗುಜರಿಗೆ ಹಾಕ್ತೀವಿ ಸಾರ್. ಬೊಟ್ಟಿಟ್ಟಿದ್ದನ್ನ ನನ್ನ ಕೈಯಾರೆ ಗುಜರಿಗೆ ಹಾಕಿ, ನಾಳೆ ನಮ್ಮನೆ ಮಗೂಗೆ ಜ್ವರ ಬಂದ್ರೆ ನೀವು ಬರ್ತೀರಾ?"

"ಹಾಗಾದ್ರೆ ಹಾಗೇ ಹೊಸದು ಕೊಡಿ."

"ಹಳೇದು ಬರದೆ ಹೊಸದು ಕೊಡೋ ಹಾಗಿಲ್ಲ ಸಾರ್. ರೂಲ್ಸು."

ಅಂದರೆ ಹಳೆಯದನ್ನು ತಗೊಳ್ಳುವುದಿಲ್ಲ, ತಗೊಳ್ಳದ್ದಕ್ಕೆ ಹೊಸದನ್ನು ಕೊಡುವುದಿಲ್ಲ. ಮೊನ್ನೆ ಸೇರಿದವರ ಕೈಯಲ್ಲೂ ಹಪ್ಪಳ, ನನ್ನ ಕೈಯಲ್ಲಿ ರುಬ್ಬುವ ಕಲ್ಲು. ಭಕ್ತಿಯಿಂದ ಮೋಕ್ಷ ಸಿಗುತ್ತದೆ ಎಂದು ಕೇಳಿದ್ದೆ. ಹೊಸ ಲ್ಯಾಪ್‌ಟಾಪ್ ಸಿಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

೨. ಕೈಗುಣ

ನಾವು ಬರೆದ ಪ್ರೋಗ್ರಾಮನ್ನು ಗ್ರಾಹಕರ ಸರ್ವರಿನಲ್ಲಿ ಓಡುವ ಹಾಗೆ ಕಟ್ಟಿ ತಯಾರು ಮಾಡುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಒಂದು ವಿಚಿತ್ರ ಶುರುವಾಯಿತು. ಯಾರು ಬಿಲ್ಡ್ ಮಾಡಿದರೂ ಅದು ಗ್ರಾಹಕರಲ್ಲಿ ಏಳುವುದೇ ಇಲ್ಲ. ನಾನು ಮಾಡಿದರೆ ಎದ್ದು ಓಡುತ್ತದೆ.

ಮ್ಯಾನೇಜರು ಮೂರು ಸಲ ನೋಡಿದರು. ನಾಲ್ಕನೇ ಸಲ ನನ್ನ ಎರಡೂ ಕೈ ಹಿಡಿದುಕೊಂಡು, "ಸಾರ್, ಇದು ನಿಮ್ಮ ಕೈಗುಣ" ಎಂದರು.

ಅಲ್ಲಿಂದ ನನ್ನ ಕಷ್ಟ ಕೇಳಬೇಡಿ. ಮೊಸರನ್ನ ಬಾಯಿಗಿಡುವಾಗ ಒಬ್ಬರು ಬಂದು, "ಸಾರ್, ಒಂದು ಎಂಟರ್ ಒತ್ತಿ ಬಂದ್ಬಿಡಿ" ಎನ್ನುತ್ತಾರೆ. ಇನ್ನೊಬ್ಬರು, "ನನ್ನ ಲ್ಯಾಪ್‌ಟಾಪ್ ಒಂದ್ಸಲ ಮುಟ್ಟಿಕೊಡಿ ಗುರುಗಳೇ" ಎನ್ನುತ್ತಾರೆ. ನಾನು ದೇವರನ್ನು ನಂಬುವವನು, ಆದ್ದರಿಂದಲೇ ಸಿಟ್ಟು. ದೇವರೇನು ಇವರ ಬಿಲ್ಡ್ ಕಾಯುವ ವಾಚ್‌ಮನ್ನೇ?

ಎರಡು ದಿನ ಕೂತು ಕಾರಣ ಹುಡುಕಿದೆ. ಹೊಸ ಲ್ಯಾಪ್‌ಟಾಪಿನ ಪ್ರೊಸೆಸರ್ ಬೇರೆ ತರಹದ್ದು. ಗ್ರಾಹಕರ ಸರ್ವರಿನದೂ ನನ್ನ ಹಳೆಯದರದ್ದೂ ಒಂದೇ ತರಹದ್ದು. ಅವರವರ ಯಂತ್ರ ತನ್ನ ಅಳತೆಗೇ ಅಂಗಿ ಹೊಲಿಯುತ್ತಿತ್ತು, ಅಷ್ಟೆ. ನನ್ನ ಅಳತೆಗೆ ಹೊಲಿದ ಅಂಗಿ ಮ್ಯಾನೇಜರರ ಹೊಟ್ಟೆಗೆ ಹತ್ತೀತೇ? ಇಂಥ ಪ್ರೊಸೆಸರಿಗೆ ಕಟ್ಟು ಎಂದು ಒಂದು ಸಾಲು ಸೇರಿಸಿದರೆ ಯಾರ ಲ್ಯಾಪ್‌ಟಾಪಿನಲ್ಲಾದರೂ ಆಗುತ್ತದೆ. ಇದನ್ನೆಲ್ಲ ನಾಲ್ಕು ಪುಟದ ವರದಿ ಮಾಡಿ, ಆ ಸಾಲನ್ನು ನಾಲ್ಕನೇ ಪುಟದಲ್ಲಿ ಬರೆದು, ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟೆ. ಬಿಲ್ಡ್ ವ್ಯವಸ್ಥೆಗೆ ಕೈ ಹಾಕಲು ಮ್ಯಾನೇಜರರ ಒಪ್ಪಿಗೆ ಬೇಕು.

ಮ್ಯಾನೇಜರು ಮೊದಲ ಪುಟ ನೋಡಿ, "ಚೆನ್ನಾಗಿ ನಡೀತಿದೆಯಲ್ಲ ಸಾರ್, ಯಾಕೆ ಕೈ ಹಾಕೋದು?" ಎಂದರು. ಪಕ್ಕದ ಸೀಟಿನ ಮೇಡಂ, ದೊಡ್ಡನೆಕ್ಕುಂದಿಯಿಂದ ಎರಡು ಬಸ್ಸು ಹಿಡಿದು ಬರುವವರು, ದೇವರನ್ನೇ ನಂಬದವರು. "ಕೈಗುಣ ಅಂತ ಏನೂ ಇಲ್ಲ ಸಾರ್" ಎಂದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರೂ ವರದಿಯನ್ನು ಓದದೆ ಡ್ರಾಯರಿಗೆ ಹಾಕಿದರು.

ರಜೆ ಕೇಳಿದಾಗ ಮ್ಯಾನೇಜರು, "ನೀವು ಹೋದ್ರೆ ಬಿಲ್ಡ್ ಯಾರು ಮಾಡ್ತಾರೆ?" ಎಂದರು.

"ಹರಕೆ ಸಾರ್ ಅದು."

"ದೇವರಿಗೆ ನಮ್ಮ ಪರಿಸ್ಥಿತಿ ಅರ್ಥ ಆಗುತ್ತೆ ಸಾರ್. ಗ್ರಾಹಕರಿಗೆ ಆಗಲ್ಲ."

೩. ರಾಹುಕಾಲ

ಹೀಗೆ ಒಂದು ವರ್ಷ ಹೋಯಿತು. ಎರಡನೇ ವರ್ಷ ನಾನು ರಜೆ ಕೇಳಲು ಬಾಯಿ ತೆಗೆಯುವ ಹೊತ್ತಿಗೆ ಮಾದನಾಯಕನಹಳ್ಳಿಯ ಒಂದು ಗೋದಾಮಿನಿಂದ ದೂರು ಬಂತು. ದಿನಾ ಒಂದೂವರೆ ಗಂಟೆ ಡೇಟಾಬೇಸ್ ಸತ್ತ ಹಾಗೆ ಬಿದ್ದಿರುತ್ತದೆ. ಒಂದು ಬೋಲ್ಟ್ ಎಲ್ಲಿದೆ ಎಂದು ಕೇಳಿದರೂ ಉತ್ತರವಿಲ್ಲ. ಅದೂ ದಿನಕ್ಕೊಂದು ಹೊತ್ತು. ಇದು ಸರಿಯಾಗುವವರೆಗೆ ರಜೆಯ ಮಾತೇ ಬೇಡ ಎಂದರು ಮ್ಯಾನೇಜರು.

ಒಂದು ವಾರ ಆ ಹೊತ್ತುಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ. ತಲೆಬುಡ ತಿಳಿಯಲಿಲ್ಲ. ಊಟದ ಮೇಜಿನ ಮೇಲಿಟ್ಟಿದ್ದ ಚೀಟಿಯನ್ನು ಹೆಂಡತಿ ಸಾರು ಬಡಿಸುತ್ತಲೇ ಓದಿ, "ರಾಹುಕಾಲ ಯಾಕೆ ಬರ್ಕೊಂಡಿದೀರಿ? ಕ್ಯಾಲೆಂಡರ್‌ನಲ್ಲೇ ಇದೆಯಲ್ಲ" ಎಂದಳು.

ಹೊಂದಿಸಿ ನೋಡಿದೆ. ನಿಮಿಷ ತಪ್ಪಿರಲಿಲ್ಲ. ಎದ್ದು ಹೋಗಿ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ.

ಮರುದಿನ, ಶುಕ್ರವಾರ, ಹತ್ತೂವರೆಗೆ ಸರಿಯಾಗಿ ಗೋದಾಮಿಗೆ ಹೋದೆ. ಸ್ಟೋರ್ ಕೀಪರು, ಹಣೆಯ ತುಂಬ ವಿಭೂತಿ ಇಟ್ಟ ಸಜ್ಜನರು, ಕಾಫಿ ಹಿಡಿದು ಪರದೆ ನೋಡುತ್ತಾ ಕೂತಿದ್ದರು. ಗೋದಾಮು ಶುರುವಾದ ದಿನದಿಂದ ಇವತ್ತಿನವರೆಗೆ ಬಂದು ಹೋದ ಒಂದೊಂದು ನಟ್ಟು, ಒಂದೊಂದು ಬೋಲ್ಟಿನ ಪಟ್ಟಿ ಕೇಳಿದ್ದರು. ಡೇಟಾಬೇಸ್ ಏದುಸಿರು ಬಿಡುತ್ತಿತ್ತು.

"ಇಷ್ಟೆಲ್ಲ ಯಾಕೆ ಅಣ್ಣಾ?" ಎಂದೆ.

"ರಾಹುಕಾಲ ಅಲ್ವಾ ಸಾ. ಒಸಾ ಕೆಲ್ಸ ಸುರು ಮಾಡಂಗಿಲ್ಲ. ಅದ್ಕೇ ಅಳೇದ್ನೆಲ್ಲಾ ಒಂದ್ಸುತ್ತು ನೋಡ್ತಾ ಕೂತ್ಕತೀನಿ."

ಅವರ ನಿಷ್ಠೆಯನ್ನು ನಾನು ಹೇಗೆ ಬೈಯಲಿ? ಹಿಂದಿನ ದಿನದವರೆಗಿನ ಪಟ್ಟಿಯನ್ನು ಬೆಳಿಗ್ಗೆಯೇ ತೆಗೆದಿಟ್ಟು ಅವರಿಗೆ ತೋರಿಸುವ ಹಾಗೆ ಮಾಡಿ, ಆಫೀಸಿಗೆ ಬಂದು ಎಲ್ಲ ವಿವರಿಸಿದೆ. ಮ್ಯಾನೇಜರು ಕೊನೆಯವರೆಗೂ ಕೇಳಿ, "ನೋಡಿದ್ರಾ, ರಾಹುನೂ ನಿಮ್ಮ ಮಾತು ಕೇಳ್ತಾನೆ. ಇನ್ನು ನಿಮ್ಮನ್ನ ಹೇಗೆ ಸಾರ್ ಕಳಿಸೋದು?" ಎಂದರು.

೪. ನಾಲ್ಕನೇ ಪುಟ

ಮೂರನೇ ವರ್ಷ ನಾನು ಕೇಳಲಿಲ್ಲ, ಹೇಳಿದೆ. "ಹೋಗ್ತಿದೀನಿ. ಬೇಕಾದ್ರೆ ಕೆಲಸದಿಂದ ತೆಗೀರಿ."

ಮ್ಯಾನೇಜರು ಬೆಚ್ಚಿಬಿದ್ದು ಒಪ್ಪಿದರು. ಒಂದೇ ಷರತ್ತು, ನನ್ನ ಕೈಗುಣ ತಗುಲಿದ ಲ್ಯಾಪ್‌ಟಾಪ್ ಆಫೀಸಿನಲ್ಲಿ ಇರಬೇಕು. ಕೊಟ್ಟೆ. ಎಂಟರ್ ಒತ್ತುವುದು ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ತುಮಕೂರು ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ, ನರಸಿಂಹನ ಹೆಸರು ಹೇಳುತ್ತಾ ನಡೆದೆ. ಮೂರನೇ ದಿನ ಮಧ್ಯಾಹ್ನ ಬೆಟ್ಟದ ಮೇಲೆ ಸಾಲಿನಲ್ಲಿ ನಿಂತಿದ್ದಾಗ ಫೋನು.

"ಸಾರ್, ನಿಮ್ಮ ಲ್ಯಾಪ್‌ಟಾಪ್ ಹೋಗ್ಬಿಡ್ತು." ಮ್ಯಾನೇಜರರ ದನಿ ಸಾವಿನ ಮನೆಯಲ್ಲಿ ಮಾತಾಡುವಂತಿತ್ತು. "ಬ್ಯಾಟರಿ ಊದ್ಕೊಂಡು ಮುಚ್ಚಳನೇ ಎದ್ದಿದೆ. ನಾಲ್ಕು ಗಂಟೆಗೆ ಗ್ರಾಹಕರಿಗೆ ಬಿಲ್ಡ್ ಕೊಡ್ಬೇಕು."

"ನನ್ನ ವರದಿಯ ನಾಲ್ಕನೇ ಪುಟ ಓದಿ ಸಾರ್."

"ವರದಿ ಆಮೇಲೆ ಓದ್ತೀನಿ. ನೀವು ದೇವರ ಎದುರಿಗೇ ಇದೀರಲ್ಲ, ಒಂದು ಮಾತು ಹಾಕಿ."

ಮೂರು ದಿನ ನಡೆದು ಬೊಬ್ಬೆ ಎದ್ದ ಕಾಲು, ಎದುರಿಗೆ ನನ್ನ ಸ್ವಾಮಿ. ಹೆಂಡತಿಯ ಕಣ್ಣಿಗಾಗಿ ಕೈಮುಗಿದೆ. ಮಂಗಳಾರತಿ ಎತ್ತಿದಾಗ ಸಿಟ್ಟು ತಡೆಯದೆ ಇನ್ನೊಂದು ಮಾತೂ ಬಾಯಿಂದ ಬಂತು. "ಸ್ವಾಮಿ, ಆ ಆಫೀಸಿನಲ್ಲಿ ಯಾರಾದರೂ ಒಬ್ಬರು ಆ ನಾಲ್ಕನೇ ಪುಟ ಓದಲಿ."

ತೀರ್ಥ ತಗೊಂಡು ಹೊರಗೆ ಬರುವಷ್ಟರಲ್ಲಿ ಮತ್ತೆ ಫೋನು. "ಆಯ್ತು ಸಾರ್. ಬಿಲ್ಡ್ ಓಡ್ತು. ನಿಮ್ಮ ಪ್ರಾರ್ಥನೆ."

ಸೋಮವಾರ ಆಫೀಸಿಗೆ ಕಾಲಿಟ್ಟ ಕೂಡಲೇ ಪಕ್ಕದ ಸೀಟಿನ ಮೇಡಂ ಎದ್ದು ನಿಂತರು. ಮುಖ ಕೆಂಪಾಗಿತ್ತು. "ಯಾವ ಪ್ರಾರ್ಥನೆ ಸಾರ್? ಡ್ರಾಯರ್‌ನಿಂದ ನಿಮ್ಮ ವರದಿ ತೆಗೆದು, ನಾಲ್ಕನೇ ಪುಟ ಓದಿ, ಯಾರ ಒಪ್ಪಿಗೆನೂ ಕೇಳದೆ ಆ ಸಾಲು ಸೇರಿಸಿದ್ದು ನಾನು. ನನ್ನ ಲ್ಯಾಪ್‌ಟಾಪ್‌ನಲ್ಲೇ ಮಾಡಿದ್ದು. ಅವತ್ತು ಊಟ ಕೂಡ ಮಾಡಿರಲಿಲ್ಲ."

"ನಾನು ಬೇಡಿಕೊಂಡಿದ್ದೂ ಅದನ್ನೇ ಅಮ್ಮಾ" ಎಂದೆ. ಅವರಿಗೆ ಇನ್ನೂ ಸಿಟ್ಟು ಬಂತು.

ತಪ್ಪಾದದ್ದೇನು, ಮುಂದೆ ಏನು ಮಾಡಬೇಕು ಎಂದು ಬರೆದಿಡುವ ಮೀಟಿಂಗು ಸಂಜೆ ನಡೆಯಿತು. ನಾವಿಬ್ಬರೂ ಮ್ಯಾನೇಜರಿಗೆ ಸತ್ಯ ತಿಳಿಸಿಯೇ ತೀರುವುದೆಂದು ಮೊದಲ ಸಾಲಿನಲ್ಲಿ ಕೂತೆವು. ಅವರು ಪರದೆಯ ಮೇಲೆ ಪಟ್ಟಿ ತೋರಿಸಿದರು. ಸಮಸ್ಯೆ: ಲ್ಯಾಪ್‌ಟಾಪ್ ನಿಧನ. ಪರಿಹಾರ: ಬೆಟ್ಟದಲ್ಲಿ ಪ್ರಾರ್ಥನೆ. ಮುಂದಿನ ಕ್ರಮ: ಪ್ರತಿವರ್ಷ ಸಂಬಳ ಸಹಿತ ರಜೆ ಕೊಟ್ಟು ಬೆಟ್ಟಕ್ಕೆ ಕಳಿಸುವುದು. ಒಬ್ಬರಿಗೆ ಕಾಲುನೋವು ಬಂದರೆ ಎಂದು, ಬ್ಯಾಕಪ್ಪಿಗೆ ಇನ್ನೊಬ್ಬರು, ಅವರಿಗೂ ಅದೇ ರಜೆ.

ಇಬ್ಬರೂ ಒಟ್ಟಿಗೆ ಎದ್ದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ತೋಳು ಹಿಡಿದು ಕೂರಿಸಿದರು.

"ಯಾಕಮ್ಮಾ? ಸತ್ಯ ಹೇಳೋದು ಬೇಡವೇ?"

"ಸುಮ್ನಿರಿ ಸಾರ್" ಎಂದರು ಮೆಲ್ಲಗೆ. "ಬ್ಯಾಕಪ್ ನಾನೇ."