ಮುತ್ಯಾನ ಕೊನೆಯ ಹಸಿ ಗಂಟು

ಶ್ರಾವಣಿ, ಓಂಕಾರ, ಶಾಲೆಯ ಸೂಟಿಗೆ ಬಂದಾಗಲೆಲ್ಲ ನೀವಿಬ್ಬರೂ ಮುತ್ಯಾ ಹೇಗಿದ್ದರು ಎಂದು ಕೇಳುತ್ತೀರಿ. ನಾನು ‘ಚಲೋ ಇದ್ರು’ ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಎದ್ದುಹೋಗುತ್ತೇನೆ. ಎದುರಿಗೆ ಯಾರಾದರೂ ಕೂತರೆ ನನಗೆ ಮಾತು ಹೊರಡುವುದಿಲ್ಲ, ಕೂತವರು ಮೊಮ್ಮಕ್ಕಳೇ ಆದರೂ. ಕಾಗದವಾದರೆ ವಾಸಿ, ಅದು ತಿರುಗಿ ಮುಖ ನೋಡುವುದಿಲ್ಲ. ಸತ್ತಿ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಓದು ಮುಗಿಸಿದವಳು ನಾನು; ತಪ್ಪು ಕಂಡರೆ ತಿದ್ದಿಕೊಂಡು ಓದಿ.

ದೂರದೇಶಕ್ಕೆ ಹೋದ ಗಂಡಂದಿರು ಸೀರೆ ತರುತ್ತಾರೆ, ಅತ್ತರು ತರುತ್ತಾರೆ ಎಂದು ಕೇಳಿದ್ದೆ. ನಿಮ್ಮ ಮುತ್ಯಾ ಹಸಿ ಸೊಪ್ಪು ತರುತ್ತಿದ್ದರು. ಗಿಡ ಹುಡುಕಿ ತರುವುದೇ ಅವರ ಸರಕಾರಿ ನೌಕರಿ. ಅರುಣಾಚಲದ ಕಾಡು, ಅಂಡಮಾನಿನ ನಡುಗಡ್ಡೆ, ಒಮ್ಮೆ ಸಮುದ್ರ ದಾಟಿ ಬೋರ್ನಿಯೊ ಎಂದೆಲ್ಲ ಅಲೆದು, ಜಿಗಣೆಗಳಿಗೆ ರಕ್ತ ಕೊಟ್ಟು, ಗಿಡಗಳನ್ನು ಹಳೆಯ ಪೇಪರಿನ ನಡುವೆ ಒತ್ತಿ ಗಂಟು ಕಟ್ಟಿ ತರುವರು. ನಿವೃತ್ತರಾದ ಮೇಲೂ ಕಾಲು ನಿಲ್ಲಲಿಲ್ಲ. ಗಂಟು ಮನೆಗೆ ಬಂದಮೇಲೆ ನನ್ನ ನೌಕರಿ ಶುರು. ದಿನವೂ ಗಂಟು ಬಿಚ್ಚಿ ಒದ್ದೆ ಪೇಪರು ತೆಗೆಯಬೇಕು, ಒಣ ಪೇಪರು ಹಾಕಬೇಕು, ಮೇಲೆ ಬೀಸುಕಲ್ಲು ಹೇರಬೇಕು. ಒಂದು ದಿನ ತಪ್ಪಿದರೂ ಬೂಷ್ಟು ಹಿಡಿಯುತ್ತದೆ. ಎಲೆಗಳನ್ನು ಮುಖ ಮೇಲೆ ಮಾಡಿ ಹರಡಿ, ಒಂದನ್ನು ಮಾತ್ರ ಮಗುಚಿ ಇಡಬೇಕು. ‘ಬೆನ್ನ ಹೆಂಗಿತ್ತು ಅಂತ ಮುಂದಿನವರಿಗೆ ತಿಳೀಬೇಕಲ್ಲ’ ಎನ್ನುವರು.

ಹೀಗಾಗಿ ಊರ ರದ್ದಿಯವನು ಎಲ್ಲರ ಮನೆಯಲ್ಲಿ ಪೇಪರು ಕೊಳ್ಳುತ್ತಿದ್ದ, ನಮ್ಮ ಮನೆಗೆ ಮಾರುತ್ತಿದ್ದ. ಬೀಸುಕಲ್ಲು ಗಿಡಗಳ ಮೇಲೆ ಕೂತಿರುತ್ತಿದ್ದರಿಂದ ನಾನು ಬೇಳೆ ಒಡೆಯಲು ನೆರೆಮನೆಗೆ ಹೋಗುತ್ತಿದ್ದೆ. ಹಾಳೆ ಬದಲಿಸುತ್ತ ಪೇಪರು ಓದುವ ಚಟವೂ ಹತ್ತಿತು. ಹೋದ ವರ್ಷದ ಮಹಾಪೂರದ ಸುದ್ದಿಯನ್ನು ಈ ವರ್ಷ ಓದಿ, ಕೃಷ್ಣೆ ಎಲ್ಲಿಯವರೆಗೆ ಬಂದಾಳೋ ಎಂದು ಬಾಗಿಲಿಗೆ ಬಂದು ನೋಡಿದವಳು ನಾನು.

ಕೊನೆಯ ಸಲ ಅವರು ಅರುಣಾಚಲದಿಂದ ಜ್ವರ ಹೊತ್ತುಕೊಂಡು ಬಂದರು. ಗಂಟನ್ನು ಪಡಸಾಲೆಯ ಮೂಲೆಗಿಟ್ಟು, ‘ಇದರಾಗ ಒಂದು ಹೊಸಾ ಗಿಡ ಐತಿ ಅನಸ್ತೈತಿ. ಯಾರೂ ನೋಡಿರಾಕಿಲ್ಲ. ಕೆಡಸಬ್ಯಾಡ’ ಎಂದರು. ಇನ್ನೊಂದು ಬೆಳಗನ್ನು ಅವರು ಕಾಣಲಿಲ್ಲ.

ನಮ್ಮಲ್ಲಿ ಮಣ್ಣು ಮಾಡಿ ಬಂದಮೇಲೆ ಗಂಡನನ್ನು ಕಳೆದುಕೊಂಡವಳು ಕೂತ ಜಾಗ ಬಿಟ್ಟು ಏಳಬಾರದು, ಕೆಲಸ ಮುಟ್ಟಬಾರದು. ಒಲೆ ಹಚ್ಚುವುದಿಲ್ಲ, ಬೀಗರು ಬುತ್ತಿ ತರುತ್ತಾರೆ. ನಾನು ಕೂತಲ್ಲಿಂದ ಗಂಟು ಕಾಣುತ್ತಿತ್ತು. ಮೂಲೆಗೆ ಮುಖ ಮಾಡಿ ಅಳುತ್ತಿದ್ದಾಳೆ ಎಂದು ಬಂದವರು ಕಣ್ಣೊರೆಸಿಕೊಂಡರು. ಅಳುತ್ತಿದ್ದೆ, ನಿಜ. ಜೊತೆಗೆ ಮೂಸುತ್ತಲೂ ಇದ್ದೆ. ಗಂಟು ಹುಳಿ ನಾತ ಬಿಡಲು ಹತ್ತಿತ್ತು.

ಮರುದಿನ ತಡೆಯಲಾರದೆ ಎದ್ದೆ. ನಿಪ್ಪಾಣಿಯಿಂದ ಬಂದಿದ್ದ ಮುತ್ಯಾನ ತಂಗಿ, ನಿಮ್ಮ ಸುಮನ್ ಆಯಿ, ಅತ್ತಿಗೆಯಾದ ನನ್ನ ಸೆರಗು ಹಿಡಿದಳು.

“ಅಗ ವೈನಿ, ಎಲ್ಲಿ ಹೊಂಟಿ? ಕುಂದ್ರು.”

“ಗಂಟು ಬಿಚ್ಚಬೇಕವ್ವ. ಬೂಷ್ಟು ಹಿಡ್ಯಾಕತ್ತೈತಿ.”

“ಅಣ್ಣನ ಮಣ್ಣ ಇನ್ನ ಆರಿಲ್ಲ, ನಿನಗ ಈ ಸೊಪ್ಪು-ತಪ್ಪಲದ ಚಿಂತಿ?”

“ಅದು ಅವರದ ಚಿಂತಿ. ನನ್ನ ಕೈಯಾಗ ಕೊಟ್ಟ ಹೋಗ್ಯಾರ.”

“ಪಾಪ, ತಲಿ ಕೆಟ್ಟೈತಿ ಆಕೀದು,” ಎಂದು ಹಿಂದಿನಿಂದ ಒಬ್ಬಾಕೆ ಪಿಸುಗುಟ್ಟಿದಳು. “ಗಂಟಿನಾಗ ಬಂಗಾರ ಇಟ್ಟಿರಬೇಕ ತಗೋ,” ಎಂದಳು ಇನ್ನೊಬ್ಬಳು.

ಗಂಟು ಬಿಚ್ಚಿದರೆ ಒಣ ಪೇಪರು ಒಂದೂ ಇಲ್ಲ. ಮನೆಯಲ್ಲಿದ್ದುದನ್ನೆಲ್ಲ ಅವರು ಕಾಡಿಗೆ ಒಯ್ದಿದ್ದರು. ಸಾವಿನ ಮನೆಗೆ ರದ್ದಿಯವನು ಬರುತ್ತಾನೆಯೇ? ಕಟ್ಟೆಯ ಮೇಲೆ ಮಾತ್ರ ಅಂದಿನ ಹೊಸ ಪೇಪರಿನ ದೊಡ್ಡ ಕಟ್ಟು ಇತ್ತು. ಸುಮನಳ ಗಂಡ ಅದರಲ್ಲಿ ಮುತ್ಯಾನ ಫೋಟೋ ಹಾಕಿಸಿ ಶ್ರದ್ಧಾಂಜಲಿ ಅಚ್ಚು ಮಾಡಿಸಿ, ನೆಂಟರಿಗೆ ಹಂಚಲೆಂದು ತಂದಿಟ್ಟದ್ದು. ನಾನು ಅದಕ್ಕೇ ಕೈಹಾಕಿದೆ.

“ಅಣ್ಣನ ಮಾರಿ ಮ್ಯಾಲೆ ಹಸಿ ತಪ್ಪಲ ಇಡ್ತೀಯೇನ ವೈನಿ? ದೇವರ ಮೆಚ್ಚತಾನೇನ?”

“ದೇವರದು ಗೊತ್ತಿಲ್ಲ. ನಿಮ್ಮಣ್ಣ ಮೆಚ್ಚತಾರ.”

ಅಷ್ಟು ಜನರ ಎದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಸುಮನ್ ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಅಳುತ್ತಲೇ ನನ್ನ ಪಕ್ಕಕ್ಕೆ ಬಂದು ಕೂತು, “ಯಾವ ಎಲಿ ಮಗಚಬೇಕ, ಹೇಳು,” ಎಂದಳು. ಒದ್ದೆ ಪೇಪರುಗಳನ್ನು ಅಂಗಳದ ಹಗ್ಗಕ್ಕೆ ಹರವಿದೆವು. ಆ ಹೊತ್ತಿಗೆ ರಾಯಬಾಗದಿಂದ ಮಾತಾಡಿಸಲು ಬಂದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು, “ಇದ್ಯಾವ ಪದ್ಧತಿರಿ ನಿಮ್ಮ ಕಡೆ?” ಎಂದು ಕೇಳಿದರು. “ನಮ್ಮ ಅಣ್ಣನ ಪದ್ಧತಿರಿ,” ಎಂದಳು ಸುಮನ್.

ಗಿಡಗಳು ಉಳಿದವು. ದಿವಸದ ಕಾರ್ಯ ಮುಗಿದಮೇಲೆ ಮುತ್ಯಾನ ಕಚೇರಿಯವರೊಬ್ಬರು ಬಂದು ಆ ಹೊಸ ಗಿಡವನ್ನು ಭೂತಗನ್ನಡಿಯಲ್ಲಿ ನೋಡಿದರು. ಗನ್ನಡಿ ಕೆಳಗಿಟ್ಟು, “ಆಯಿ, ಇದು ಗೊತ್ತಿರೋ ಗಿಡಾನ ಐತ್ರಿ. ಆ ಕಡೆ ರಸ್ತೆ ಬಾಜೂಕೆಲ್ಲ ಬೆಳೀತೈತಿ. ಜ್ವರದಾಗ ಸರ್‌ಗೆ ತಿಳಿದಿಲ್ಲ. ಆದ್ರ ಭಾಳ ಚಲೋ ಒಣಗಿಸೀರಿ,” ಎಂದರು. ನಾನು ಗೋಡೆಯ ಫೋಟೋದ ಕಡೆ ನೋಡಿ, “ಅವರ ಮುಂದ ಹೇಳಬ್ಯಾಡ್ರಿ,” ಎಂದೆ. ಅವರು ಗಿಡಗಳನ್ನು ಒಯ್ದು ಪೇಪರುಗಳನ್ನು ನನಗೆ ಬಿಟ್ಟರು. ಒಂದರಲ್ಲಿ ಆ ಗಿಡದ ಎಲೆಯೊಂದು ಮುತ್ಯಾನ ಹಣೆಯಿಂದ ಗಲ್ಲದವರೆಗೆ ಕಂದು ಬಣ್ಣದಲ್ಲಿ ಮೂಡಿದೆ, ನರವೂ ಕಾಣುವಷ್ಟು. ಕಾಗದ ತಿರುಗಿ ಮುಖ ನೋಡುವುದಿಲ್ಲ ಎಂದು ಮೊದಲು ಬರೆದೆನಲ್ಲ, ಈ ಒಂದು ಹಾಳೆಯನ್ನು ಆ ಮಾತಿನಿಂದ ಹೊರಗಿಡಿ.

ಮಕ್ಕಳೇ, ಇದನ್ನೆಲ್ಲ ಬರೆದದ್ದು ಮುತ್ಯಾ ಗಿಡ ಅಂಟಿಸಲು ತಂದು ಉಳಿಸಿದ ದಪ್ಪ ಬಿಳಿ ಹಾಳೆಗಳ ಮೇಲೆ. ಹುಳ ಹತ್ತದಂತೆ ನಡುವೆ ಸುಮನ್ ಆಯಿ ಕಳಿಸುವ ತಂಬಾಕಿನ ಎಲೆ ಇಟ್ಟಿದ್ದೇನೆ. ಓಂಕಾರ, ಅದನ್ನು ಬಾಯಿಗೆ ಹಾಕಬೇಡ. ಜನ್ಮವಿಡೀ ಸೆರಗು ಮುಂದೆ ಎಳೆದುಕೊಂಡೇ ಇದ್ದವಳು ನಾನು. ಈ ಹಾಳೆಗಳು ನನ್ನ ಮಗುಚಿದ ಎಲೆ. ನಾನೂ ರಸ್ತೆ ಬದಿಯ, ಎಲ್ಲರಿಗೂ ಗೊತ್ತಿರುವ ಗಿಡವೇ ಹೌದು. ಆದರೂ ಮಳೆಗಾಲ ಮುಗಿದಾಗ ಒಮ್ಮೆ ಬಿಚ್ಚಿ, ಬಿಸಿಲಿಗೆ ಹಿಡಿದು, ಜೋಪಾನವಾಗಿ ಇಟ್ಟುಕೊಳ್ಳಿ.