ನಮ್ಮ ಮನೆಯ ಅಲೆಮಾರಿ ಬೀರು

ನಮ್ಮ ಮನೆಯ ಬೀರುವಿನಷ್ಟು ಪ್ರವಾಸ ಮಾಡಿದ ಬೀರು ಇನ್ನೊಂದಿರಲಾರದು. ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಅದು ಸಂಭಾವಿತ ಗೃಹಸ್ಥನಂತೆ ಮಲಗುವ ಕೋಣೆಯ ಮೂಲೆ ಹಿಡಿದು ನಿಂತಿತ್ತು. ಮಗಳ ಕೈಗೆ ಕ್ರೇಯಾನ್ ಸಿಕ್ಕ ಘಳಿಗೆಯಿಂದ ಅದರ ಗ್ರಹಚಾರ ಕೆಟ್ಟಿತು. ಈಗ ಬೆಳಿಗ್ಗೆ ಒಂದು ಕಡೆ ಇದ್ದರೆ ಸಂಜೆ ಇನ್ನೊಂದು ಕಡೆ. ಬಟ್ಟೆ ಬೇಕೆಂದರೆ ಮೊದಲು "ಬೀರು ಇವತ್ತು ಎಲ್ಲಿದೆ?" ಎಂದು ವಿಚಾರಿಸಿಕೊಂಡು ಹೊರಡಬೇಕು.

ಕಾರಣ, ನಮ್ಮ ಮನೆಯೊಡತಿ. ಮೇಲಿನ ಮಹಡಿಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮಕ್ಕಳು ಅವರನ್ನು ಮಹಡಿ ಅಜ್ಜಿ ಎನ್ನುತ್ತಾರೆ, ನಾವು ಎದುರಿಗೆ ಮೇಡಂ ಎನ್ನುತ್ತೇವೆ. (ಬೆನ್ನ ಹಿಂದೆ ಅನ್ನುವುದನ್ನೆಲ್ಲ ಬರೆಯುವಂತಿಲ್ಲ. ಬರೆಯಬಾರದ ಕಡೆ ಬರೆದೇ ಈ ಕಥೆ ಹುಟ್ಟಿದ್ದು.) ಮನೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ.

"ಗೋಡೆ ಹಾಲಿನ ಹಾಗೆ ಕೊಟ್ಟಿದ್ದೀನಿ. ಹಾಗೇ ಇರಬೇಕು. ವರ್ಷ ತುಂಬಿದಾಗ ಬಂದು ನೋಡ್ತೀನಿ. ಗೋಡೆ ಕೆಟ್ಟಿದ್ರೆ ಬೇರೆ ಮನೆ ನೋಡ್ಕೊಳ್ಳಿ."

ಬೇರೆ ಮನೆ ನಮಗೆ ಬೇಡವಾಗಿತ್ತು. ಮಗಳ ಶಾಲೆ ಇದೇ ಬೀದಿಯ ತುದಿಯಲ್ಲಿದೆ. ನಾನು ಸಸ್ಯಶಾಸ್ತ್ರ ಪಾಠ ಹೇಳುವ ಕಾಲೇಜು ಅದರ ಹಿಂದೆ. ಮೇಲಾಗಿ, ಊರಿನ ಉಳಿದ ಮನೆಯೊಡೆಯರು "ಮಕ್ಕಳಿದ್ದಾರಾ?" ಎಂದು ಕೇಳುವ ದನಿಯಲ್ಲೇ "ತಿಗಣೆ ಇದೆಯಾ?" ಎಂದು ಕೇಳಿದಂತಿರುತ್ತದೆ.

ನನ್ನವರು ಅದೇ ಕಾಲೇಜಿನ ಗ್ರಂಥಪಾಲಕರು. ಓದುವ ಕೋಣೆಯಲ್ಲಿ "ಶ್" ಎನ್ನುತ್ತಾ ಎನ್ನುತ್ತಾ ಅವರ ಗಂಟಲೇ ಪಿಸುಮಾತಿಗೆ ಒಗ್ಗಿಹೋಗಿದೆ. ಜಗಳವನ್ನೂ ಪಿಸುಗುಟ್ಟಿಯೇ ಆಡುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ನಾನೊಬ್ಬಳೇ ಗೋಡೆಯ ಜೊತೆ ಜಗಳವಾಡುತ್ತೇನೆಂದು ಬೀದಿಯವರೆಲ್ಲ ನಂಬಿದ್ದಾರೆ.

ಗೋಡೆಯ ಮೇಲೆ ಮೊದಲು ಅವತರಿಸಿದ್ದು ರೈಲಿನ ಎಂಜಿನ್ನು. ಕಲಾವಿದೆ ನಮ್ಮ ಚಿನಕುರುಳಿ. ಒಂದನೇ ತರಗತಿಯಲ್ಲಿ ಈಗಷ್ಟೇ ಕಾಗುಣಿತದ ಹೊಸ್ತಿಲು ದಾಟಿದವಳು. ಹೊಗೆ ಬಿಟ್ಟವನು ಅವಳ ತಮ್ಮ ಗುಂಡ. ಅವನಿಗೆ ಸುರುಳಿ ಸುತ್ತುವುದೊಂದೇ ಗೊತ್ತಿರುವುದರಿಂದ ಹೊಗೆಯ ಖಾತೆಯನ್ನು ಅವನಿಗೆ ವಹಿಸಲಾಗಿತ್ತು. ನಾನು ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ. ಎಂಜಿನ್ನು ಹೋಗಲಿಲ್ಲ, ಸುತ್ತ ನೀಲಿ ಮೋಡ ಕವಿಯಿತು. ಆಗಲೇ ನನಗೆ ಆ ಅಮೋಘ ಉಪಾಯ ಹೊಳೆದದ್ದು.

"ಬೀರು ಎಳೆದು ಇದರ ಮುಂದೆ ನಿಲ್ಲಿಸೋಣ," ಎಂದೆ.

"ಮಕ್ಕಳಿಗೆ ಬುದ್ಧಿ ಹೇಳೋದು ಸುಲಭ ಅಲ್ವಾ?" ಎಂದು ಇವರು ಪಿಸುಗುಟ್ಟಿದರು.

"ಹೇಳಿ ನೋಡಿ. ನಿಮ್ಮ ಬುದ್ಧಿಮಾತು ಕೇಳಿಸಬೇಕಾದ್ರೆ ಅವರು ನಿಮ್ಮ ಬಾಯೊಳಗೇ ಕೂತಿರಬೇಕು."

ಬೀರು ಹೊರಟಿತು. ಎಂಜಿನ್ನು ಮರೆಯಾಯಿತು. ಮರುದಿನ ಬೀರುವಿನ ಪಕ್ಕದಿಂದ ಒಂದು ಹಸಿರು ಬೋಗಿ ಇಣುಕಿತು, ಅದರ ಹಿಂದೆ ಕೆಂಪು ಬೋಗಿ. ಬೀರು ಸರಿಸಿದರೆ ಎಂಜಿನ್ನು ಕಾಣುತ್ತದೆ, ಸರಿಸದಿದ್ದರೆ ಬೋಗಿ. ಕೊನೆಗೆ ಎಂಜಿನ್ನಿಗೆ ಕ್ಯಾಲೆಂಡರು ತೂಗುಹಾಕಿ, ಬೋಗಿಗಳಿಗೆ ಬೀರು ಕೊಟ್ಟೆವು. ರೈಲು ನಡುಮನೆಗೆ ಬಂತು. ಸೋಫಾ ಗೋಡೆಗೆ ಆತುಕೊಂಡಿತು. ರೈಲು ಅಡುಗೆಮನೆಯ ಬಾಗಿಲಿಗೆ ಬಂತು. ಮಂಚದ ಹಾಸಿಗೆ ಗೋಡೆಗೊರಗಿ ನಿಂತಿತು. ನಾವು ಚಾಪೆಯ ಮೇಲೆ ಮಲಗಿದೆವು.

"ಈ ರೈಲು ಎಲ್ಲಾದ್ರೂ ನಿಲ್ಲುತ್ತೇನೇ?" ಎಂದು ಮಗಳನ್ನು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿಗಿಂತ ದೈನ್ಯ ಹೆಚ್ಚಿತ್ತು.

"ಸ್ಟೇಷನ್ ಇನ್ನೂ ಬಂದಿಲ್ಲಮ್ಮ," ಎಂದಳು ಶಾಂತವಾಗಿ.

"ಗೋಡೆ ಬರೆಯೋಕೆ ಇರೋದಲ್ಲ ಕಣೇ. ಬರೆಯೋಕೆ ಕಾಗದ ಇದೆ. ಒಳ್ಳೆ ಮನೆತನದವರು ಯಾರಾದ್ರೂ ಗೋಡೆ ಮೇಲೆ ಗೀಚ್ತಾರಾ? ಹೇಳು."

"ಗೀಚ್ತಾರಾ?" ಎಂದ ಗುಂಡ. ಅವನು ಕೇಳಿದ್ದರಲ್ಲಿ ಕೊನೆಯ ಪದವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾನೆ.

ಈ ಸಂಕಟವನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ನನ್ನ ಅಕ್ಕನಿಗೆ. ನನ್ನ ಮೊಬೈಲಿನ ಬ್ಯಾಟರಿ ಸತ್ತು ಬಹಳ ಕಾಲವಾಯಿತು. ಹಸುವನ್ನು ಗೂಟಕ್ಕೆ ಕಟ್ಟಿದಂತೆ ಚಾರ್ಜರಿಗೆ ಕಟ್ಟಿದರೆ ಮಾತ್ರ ಮಾತು. ಚಾರ್ಜರಿನ ಪ್ಲಗ್ಗು ಇರುವುದು ಅಡುಗೆಮನೆ ಮತ್ತು ಬಚ್ಚಲಿನ ನಡುವಿನ ಇರುಕಿನಲ್ಲಿ. ಅಲ್ಲೇ ಗೂಟಕ್ಕೆ ಇವರ ದೊಡ್ಡ ಕಪ್ಪು ರೈನ್‌ಕೋಟು ತೂಗುತ್ತಿರುತ್ತದೆ. ಮಕ್ಕಳ ಕಿವಿಗೆ ಬೀಳದಿರಲೆಂದು ನಾನು ಆ ಕೋಟಿನ ಒಳಗೆ ಅರ್ಧ ನುಸುಳಿ, ಗೋಡೆಗೆ ಭುಜ ಕೊಟ್ಟು, ಅಕ್ಕನ ಹತ್ತಿರ ಮನಸ್ಸು ಬಿಚ್ಚುತ್ತೇನೆ. ಆ ರಬ್ಬರಿನ ವಾಸನೆಯ ಕತ್ತಲಲ್ಲಿ, ತುರುಬಿಗೆ ಸಿಕ್ಕಿಸಿದ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನೊಂದಿಗೆ, ಜಗತ್ತಿನಿಂದ ನಾನು ಸಂಪೂರ್ಣ ಸುರಕ್ಷಿತಳು. ಸಂಸಾರಸ್ಥೆಗೆ ಅಷ್ಟು ಏಕಾಂತ ಸಿಕ್ಕರೆ ಅದೇ ತಪೋವನ.

"ಮಹಡಿ ಮೇಲಿಂದ ಬಗ್ಗಿ ನೋಡ್ತಾರೆ ಅಕ್ಕ, ನಾನು ಯಾವ ಪಾತ್ರೆ ತೊಳೀತಿದ್ದೀನಿ ಅಂತ," ಎಂದು ನಾನು.

"ಅಯ್ಯೋ ಪಾಪ! ಆಮೇಲೆ?" ಎಂದು ಅಕ್ಕ. ಆ "ಆಮೇಲೆ" ಎಂಬ ಮಾತಿನಲ್ಲಿ ಅವಳು ನನ್ನಿಂದ ಹೇಳಿಸದ ಮಾತಿಲ್ಲ.

ವರ್ಷ ತುಂಬಿತು. ಮೇಡಂ ಭಾನುವಾರ ಬೆಳಿಗ್ಗೆ ಬರುವುದಾಗಿ ಹೇಳಿ ಕಳಿಸಿದರು. ಎದ್ದವರೇ ಯುದ್ಧಸನ್ನದ್ಧರಾದೆವು. ಕ್ಯಾಲೆಂಡರು, ಬೀರು, ಸೋಫಾ, ಹಾಸಿಗೆ ಎಲ್ಲ ತಮ್ಮ ತಮ್ಮ ಕಾವಲಿನಲ್ಲಿ ನಿಂತವು. ಮಕ್ಕಳ ಬಾಯಿಗೆ ಬಿಸ್ಕತ್ತು ತುಂಬಿ ಮಾತು ನಿಲ್ಲಿಸಿದೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಆಗ ನೋಡುತ್ತೇನೆ, ಮುಂಬಾಗಿಲ ಪಕ್ಕದ ಗೋಡೆಯ ಮೇಲೆ, ಬಿಸ್ಕತ್ತು ಜಗಿಯುತ್ತಲೇ, ಗುಂಡ ಒಂದು ಹೊಸ ಹೊಗೆ ಬಿಡುತ್ತಿದ್ದಾನೆ!

"ಏನಾದ್ರೂ ತನ್ನಿ! ಬೇಗ!" ಎಂದು ನಾನು ಹೌಹಾರಿದೆ.

ಇವರು ಒಳಗೆ ಓಡಿ, ಕೈಗೆ ಸಿಕ್ಕಿದ ರೈನ್‌ಕೋಟನ್ನು ತಂದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಹೊಗೆ ಅಡಗಿತು. ಇವರ ಸಮಯಪ್ರಜ್ಞೆಯನ್ನು ನಾನು ಮನಸಾರೆ ಮೆಚ್ಚಿದೆ. (ಆಮೇಲೆ ಆ ಮೆಚ್ಚುಗೆಯನ್ನು ಬಡ್ಡಿ ಸಮೇತ ವಾಪಸು ತೆಗೆದುಕೊಂಡೆ.)

ಮೇಡಂ ಬಂದರು. ಕನ್ನಡಕ ಏರಿಸಿದರು. ಸೊಂಟದ ಕೀಲಿಗೊಂಚಲು ಒಮ್ಮೆ ಝಣ್ ಎಂದಿತು.

"ಬಾಗಿಲ ಹತ್ತಿರ ರೈನ್‌ಕೋಟು ಯಾಕೆ? ಹೊರಗೆ ಇಷ್ಟು ಬಿಸಿಲಿದೆ."

ಇವರು ಏನೋ ಪಿಸುಗುಟ್ಟಿದರು.

"ಏನಂದ್ರು?"

"ಮುನ್ನೆಚ್ಚರಿಕೆ ಅಂತೆ ಮೇಡಂ," ಎಂದೆ.

"ಬೀರು ಯಾಕೆ ದಾರೀಲಿ ನಿಂತಿದೆ?"

"ಕೋಣೇಲಿ ಬಟ್ಟೆಗೆ ಗಾಳಿ ಆಡ್ತಿರಲಿಲ್ಲ ಮೇಡಂ."

"ಹಾಸಿಗೆ?"

"ಅದಕ್ಕೂ ಗಾಳಿ."

ಅವರು ಕಾಣುವಷ್ಟು ಗೋಡೆಯನ್ನೆಲ್ಲ ಬೆರಳಿಂದ ಸವರಿ ನೋಡಿದರು. ಮಗಳು ಕೆನ್ನೆಯುಬ್ಬಿಸಿಕೊಂಡು ಮೌನವ್ರತದಲ್ಲಿದ್ದಳು. ಕೊನೆಗೆ ಮೇಡಂ ನಿಟ್ಟುಸಿರಿಟ್ಟರು. "ಪರವಾಗಿಲ್ಲ. ಮಕ್ಕಳಿದ್ದೂ ಗೋಡೆ ಚೆನ್ನಾಗಿಟ್ಟಿದ್ದೀರಿ. ಇನ್ನೊಂದು ವರ್ಷ ಇರಿ."

ನನ್ನೊಳಗೆ ಒಂದು ಹೂವಿನ ತೋಟವೇ ಅರಳಿತು. ಇವರ ಮುಖದಲ್ಲಿ ನಗು ಕೂಡ ಪಿಸುಗುಟ್ಟುವಂತೆ ಮೂಡಿತು. ಅಷ್ಟರಲ್ಲಿ ಮೇಡಂ, "ಹಾಂ, ಆ ಒಳಗಿನ ಪ್ಲಗ್ ಸರಿ ಇದೆಯಾ? ಹಿಂದಿದ್ದವರು ಕಿಡಿ ಹಾರುತ್ತೆ ಅಂತಿದ್ರು," ಎನ್ನುತ್ತಾ ಇರುಕಿಗೆ ಹೋಗಿ ದೀಪ ಹಾಕಿದರು.

ಅಲ್ಲಿಂದಲೇ ಅವರು ಓದತೊಡಗಿದರು. ಶಾಲೆಯ ಅಂಗಳಕ್ಕೆಲ್ಲ ಕೇಳುವ ಹಳೆಯ ದನಿಯಲ್ಲಿ.

"'ಚಿತ್ರ ಒಂದು. ಮನೆಯೊಡತಿ, ಮುಂಭಾಗದ ನೋಟ.'"

ನಾನು ಓಡಿದೆ. ರೈನ್‌ಕೋಟು ಎದ್ದುಹೋದ ಜಾಗದಲ್ಲಿ, ಹಾಲಿನಂಥ ಗೋಡೆಯ ಮೇಲೆ, ಕೆಂಪು ಶಾಯಿಯಲ್ಲಿ ಮೇಡಂ ನಿಂತಿದ್ದರು. ಕನ್ನಡಕ, ಕೀಲಿಗೊಂಚಲು ಸಮೇತ. ಸುತ್ತಲೂ ಎಲೆ, ಬಳ್ಳಿ. ಪ್ರತಿ ಅಂಗದಿಂದಲೂ ಅಚ್ಚುಕಟ್ಟಾದ ಬಾಣದ ಗೆರೆ, ಗೆರೆಯ ತುದಿಯಲ್ಲಿ ಭಾಗದ ಹೆಸರು.

"'ಮೂಗು. ಪಕ್ಕದವರ ಕಿಟಕಿಯ ಕಡೆಗೆ ಬಾಗಿ ಬೆಳೆಯುತ್ತದೆ,'" ಮೇಡಂ ಓದಿದರು. "'ನಾಲಿಗೆ. ಬಹುವಾರ್ಷಿಕ. ಎಲ್ಲ ಋತುಗಳಲ್ಲೂ ಮುಳ್ಳು ಬಿಡುತ್ತದೆ. ಹೃದಯ. ಈ ಪ್ರಭೇದದಲ್ಲಿ ಕಂಡುಬಂದಿಲ್ಲ.'"

ಅಧ್ಯಾಪಕರ ಸಭೆಗಳಲ್ಲಿ ನನ್ನ ಕೈ ತನ್ನಷ್ಟಕ್ಕೆ ಕಾಗದದ ಅಂಚಿನಲ್ಲಿ ಎಲೆ ಬಿಡಿಸುತ್ತದೆಂದು ನನಗೆ ಗೊತ್ತಿತ್ತು. ಅಕ್ಕನ ಒಂದೊಂದು "ಆಮೇಲೆ"ಗೂ ಅದು ಗೋಡೆಯ ಮೇಲೆ ಪಾಠ ಮಾಡುತ್ತಿದೆಯೆಂದು, ನನ್ನಾಣೆ, ಗೊತ್ತಿರಲಿಲ್ಲ. ಆದರೆ ಗಂಡಾಂತರದಲ್ಲಿ ತಾಯಿಯ ಕರುಳು ಏನು ಮಾಡುತ್ತದೆ? ನನ್ನದು ಮಾಡಿದ್ದು ಇದು:

"ಚಿನಕುರುಳೀ! ಗೋಡೆ ಮೇಲೆ ಬರೀಬೇಡ ಅಂತ ಎಷ್ಟು ಸಲ ಹೇಳಿದ್ದೀನಿ!"

ಮಗಳು ಬಿಸ್ಕತ್ತು ನುಂಗಿದಳು. ಗೋಡೆಯನ್ನು ನೋಡಿದಳು. ನನ್ನನ್ನು ನೋಡಿದಳು.

"ನಂಗೆ ಅಷ್ಟು ಎತ್ತರ ಎಟುಕಲ್ಲಮ್ಮ. ಒತ್ತಕ್ಷರಾನೂ ಬರಲ್ಲ. ನಮ್ಮ ಮಿಸ್ ಇನ್ನೂ ಹೇಳ್ಕೊಟ್ಟಿಲ್ಲ." ಆಮೇಲೆ ಮೇಡಂ ಕೈ ಹಿಡಿದು, "ನಂದು ಇಲ್ಲಿದೆ ಬಾ ಅಜ್ಜಿ," ಎಂದು ಕ್ಯಾಲೆಂಡರು ಎತ್ತಿದಳು, ಹಾಸಿಗೆ ಉರುಳಿಸಿದಳು, ರೈನ್‌ಕೋಟು ಎಳೆದಳು. ರೈಲು ಹೊಗೆಯುಗುಳುತ್ತಾ ಮನೆ ತುಂಬಾ ಓಡಿತು. "ಇದು ನಂದು, ಇದು ಗುಂಡಂದು. ಅದು ಮಾತ್ರ ಅಮ್ಮಂದು. ಅಮ್ಮ ಚೆನ್ನಾಗಿ ಬರೀತಾಳೆ, ಅಲ್ವಾ?"

"ಅಲ್ವಾ?" ಎಂದ ಗುಂಡ.

ಮೇಡಂ ನೇರ ನನ್ನ ಬಳಿ ಬಂದು, ತುರುಬಿನಿಂದ ಕೆಂಪು ಪೆನ್ನನ್ನು ಎಳೆದುಕೊಂಡರು. ಇರುಕಿಗೆ ಮರಳಿ, ಚಿತ್ರದ ಎಡಭಾಗದಲ್ಲಿ ಪುಟ್ಟದೊಂದು ಹೃದಯ ಬರೆದು, ಬಾಣದ ಗೆರೆ ಎಳೆದು, ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿದರು.

"ಇದೆ. ಹೋದ ತಿಂಗಳಷ್ಟೇ ಡಾಕ್ಟರು ನೋಡಿ ಹೇಳಿದ್ದಾರೆ. ನೋಡದೇ ಬರೆದ್ರೆ ಅಂಕ ಸಿಗಲ್ಲ, ಅಷ್ಟೂ ಗೊತ್ತಿಲ್ವಾ ನಿಂಗೆ?"

ನಾನು ಹಿಂದಿನ ಬೆಂಚಿನ ಹುಡುಗಿಯಂತೆ ನೆಲ ನೋಡಿದೆ. "ಮನೆ ಖಾಲಿ ಮಾಡ್ಬೇಕಾ ಮೇಡಂ?"

"ಇರಿ ಅಂತ ಒಂದು ಸಲ ಹೇಳಿಯಾಯ್ತು. ನನ್ನ ನಾಲಿಗೆ ಬಹುವಾರ್ಷಿಕ ಇರಬಹುದು, ಎರಡಿಲ್ಲ." ಅವರು ರೈಲಿನತ್ತ ಕೈ ತೋರಿಸಿದರು. "ಹಲ್ಲುಜ್ಜೋ ಪೇಸ್ಟ್ ಹಚ್ಚಿ ಉಜ್ಜಿದ್ರೆ ಇದೆಲ್ಲ ಹೋಗುತ್ತೆ. ಇದಕ್ಕೆ ಬೀರು ಎಳೆದಾಡಿದ್ರಾ? ಕೆಂಪು ಶಾಯಿ ಮಾತ್ರ ಹೋಗಲ್ಲ. ಅದಕ್ಕೆ ನೀನೇ ಬಣ್ಣ ಬಳೀಬೇಕು. ಸಂಜೆ ಬಂದು ನೋಡ್ತೀನಿ."

ಮಧ್ಯಾಹ್ನವೆಲ್ಲ ನಾನು ಸ್ಟೂಲಿನ ಮೇಲೆ ನಿಂತು ಬಿಳಿ ಬಣ್ಣ ಬಳಿದೆ. ಮಕ್ಕಳು ಕೆಳಗೆ ಚಾಪೆಯ ಮೇಲೆ ಕೂತು ಮೇಲ್ವಿಚಾರಣೆ ಮಾಡಿದರು.

"ಒಳ್ಳೆ ಮನೆತನದವರು ಗೋಡೆ ಮೇಲೆ ಗೀಚ್ತಾರಾ ಅಮ್ಮ?"

"ಗೀಚ್ತಾರಾ?"

ನಾನು ಕುಂಚವನ್ನು ಇನ್ನಷ್ಟು ಜೋರಾಗಿ ಆಡಿಸಿದೆ. ಮೂಗು ಮುಚ್ಚಿತು, ಕೀಲಿಗೊಂಚಲು ಮುಚ್ಚಿತು. ಹೃದಯದ ಮೇಲೆ ಕುಂಚ ಆಡಿಸುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ಕೊನೆಗೆ ಅದೂ ಮುಚ್ಚಿತು. ಗೋಡೆ ಮತ್ತೆ ಹಾಲಾಯಿತು. ಅಷ್ಟರಲ್ಲಿ ಚಾರ್ಜರಿಗೆ ಕಟ್ಟಿದ್ದ ಮೊಬೈಲು ಒದರಿತು. ಅಕ್ಕ.

"ಮೊದಲು ಪೆನ್ನು ಕೊಡು," ಎಂದು ಮಗಳು ಕೈ ಚಾಚಿದಳು. ತುರುಬಿಗೆ ಮತ್ತೆ ಸೇರಿದ್ದ ಪೆನ್ನನ್ನು ತೆಗೆದುಕೊಟ್ಟೆ. ಅವಳು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಈಗ ಮಾತಾಡು," ಎಂದು ಅಪ್ಪಣೆ ಕೊಟ್ಟಳು.

ನಾನು ಮಾತಾಡಿದೆ. ಎಲ್ಲವನ್ನೂ ಹೇಳಿದೆ. ಅವರು ಓದಿದ ದನಿ, ಸೊನ್ನೆ ಸುತ್ತಿದ ರೀತಿ, ಎಲ್ಲವನ್ನೂ. "ಅಯ್ಯೋ! ಆಮೇಲೆ?" ಎಂದಳು ಅಕ್ಕ. "ಆಮೇಲೆ?" ಎಂದಳು ಮತ್ತೆ. ಮನಸ್ಸು ಹಗುರಾಗಿ ಫೋನು ಇಟ್ಟಾಗ ಮಹಡಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ತಿರುಗಿದೆ. ಇನ್ನೂ ಬಣ್ಣ ಬಳಿಯದ ಪಕ್ಕದ ಮಾಸಿದ ಗೋಡೆಯ ಮೇಲೆ, ಹಸಿ ಹಸಿ ಬಿಳಿಯಲ್ಲಿ, ಒಂದು ಉದ್ದ ಮೂಗು, ಒಂದು ಕನ್ನಡಕ, ಸುತ್ತಲೂ ಎಲೆ, ಬಳ್ಳಿ ಫಳಫಳ ಹೊಳೆಯುತ್ತಿದ್ದವು. ಪೆನ್ನು ಮಗಳ ಬೆನ್ನ ಹಿಂದೆ ಭದ್ರವಾಗಿತ್ತು. ಕುಂಚ ನನ್ನ ಕೈಯಲ್ಲೇ ಇತ್ತು.

ಇವರು ಬಾಗಿಲಲ್ಲಿ ಬಂದು ನಿಂತರು. ಗೋಡೆಯನ್ನು ನೋಡಿದರು. ಮೆಟ್ಟಿಲಿನ ಕಡೆ ಕಿವಿಗೊಟ್ಟರು. ನನ್ನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು:

"ಬೀರು ತರ್ಲಾ?"